ಪರೀಕ್ಷೆಯ ದಿನದ ಮಣ್ಣು

ಸಿಂದಗಿಯ ಕಾಲೇಜಿನಲ್ಲಿ ಎಂ.ಎಸ್ಸಿ. ಸಂಖ್ಯಾಶಾಸ್ತ್ರದ ಮೊದಲ ದಿನ ನಮ್ಮ ಸರ್ ಪಾಠ ಮಾಡಲಿಲ್ಲ, ಕಾಯಿದೆ ಓದಿದರು. ಗಂಟೆ ಹೊಡೆದ ಮೇಲೆ ಬಾಗಿಲು ಹಾಕುತ್ತೇನೆ, ಬಸ್ ತಡವಾಗುತ್ತದೆ ಅನ್ನುವವರು ಅದಕ್ಕಿಂತ ಮುಂಚಿನ ಬಸ್ ಹಿಡಿಯಬೇಕು. ಹೋಮ್‌ವರ್ಕ್ ತಡವಾದರೆ ಸೊನ್ನೆ. ಗೆಳತಿಯ ಲೆಕ್ಕ ನಕಲು ಮಾಡಿದರೆ ಇಬ್ಬರಿಗೂ ಸೊನ್ನೆ. ಪರೀಕ್ಷೆಗೆ ಮೊಬೈಲ್ ತಂದರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಬೇಕು. ಇಂಟರ್ನಲ್ ಟೆಸ್ಟ್ ತಪ್ಪಿಸಿಕೊಂಡರೆ ಮತ್ತೊಮ್ಮೆ ಇಡುವುದಿಲ್ಲ. ತಂದೆ, ತಾಯಿ, ಒಡಹುಟ್ಟಿದವರು ತೀರಿಕೊಂಡರೆ ಮಾತ್ರ ವಿನಾಯಿತಿ. ಎರಡೂ ಇಂಟರ್ನಲ್ ತಪ್ಪಿದವರನ್ನು ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲ, ಅಲ್ಲಿಗೆ ವರ್ಷ ಹೋಯಿತು.

ನನ್ನ ಬಾಯಿ ಸುಮ್ಮನಿರುವುದಲ್ಲ. ಎದ್ದು ನಿಂತು, "ಸರ್, ಚಿಗವ್ವ ಆದ್ರ?" ಎಂದೆ.

"ಚಿಗವ್ವ, ಕಾಕಾ, ಸ್ವಾದರಮಾವ ಅಂತ ಶುರು ಮಾಡಿದ್ರ ನಮ್ಮ ಕಡೆ ದಿನಾ ಒಂದು ಮಣ್ಣು ಇರ್ತೈತವಾ. ನಾ ಪರೀಕ್ಷಾ ಯಾವಾಗ ಮಾಡ್ಲಿ?" ಅಂದರು.

ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ, ಮಾತು ಸುಳ್ಳಾಗಿರಲಿಲ್ಲವಲ್ಲ. ನಮ್ಮಲ್ಲಿ ಮದುವೆಗೆ ಹೋಗದಿದ್ದರೆ ಏನಾದರೂ ನೆಪ ಹೇಳಿ ಪಾರಾಗಬಹುದು, ಮಣ್ಣಿಗೆ ಹೋಗದಿದ್ದರೆ ಜನ್ಮವಿಡೀ ಮಾತು ಕೇಳಬೇಕು. ಸತ್ತವರ ಮುಖ ನೋಡಬೇಕು, ಕುಣಿಗೆ ಒಂದು ಹಿಡಿ ಮಣ್ಣು ಹಾಕಬೇಕು. ಅಷ್ಟು ಮಾಡಿದರೆ ಋಣ ತೀರಿತು ಎಂದು ಲೆಕ್ಕ.

ಚಿಗವ್ವನ ಬಗ್ಗೆ ಕೇಳಿದ್ದಕ್ಕೆ ಕಾರಣವಿತ್ತು. ಹೆತ್ತವ್ವ ನನಗೆ ನೆನಪಿಲ್ಲ, ನಾನು ಕೂಸಾಗಿದ್ದಾಗಲೇ ಹೋದಳು. ಅವಳ ತಂಗಿ ನನ್ನನ್ನು ಉಡಿಯಲ್ಲಿ ಕಟ್ಟಿಕೊಂಡು ಗಂಡನ ಊರು ಹೂವಿನ ಹಿಪ್ಪರಗಿಗೆ ಬಂದಳು. ಅವಳಿಗೆ ಬೇರೆ ಮಕ್ಕಳಾಗಲಿಲ್ಲ. ಕರೆಯುವುದು ಚಿಗವ್ವ ಅಂತ, ಆದರೆ ಜ್ವರ ಬಂದು ಬಡಬಡಿಸುವಾಗ ನನ್ನ ಬಾಯಲ್ಲಿ ಬರುತ್ತಿದ್ದದ್ದು ಬರೀ 'ಯವ್ವಾ'.

ಆ ಭಾನುವಾರ ಊರಿಗೆ ಹೋಗಿ, ಸರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಕಾಯಿದೆ ಓದಿದ್ದನ್ನು ಅಣಕಿಸಿ ತೋರಿಸಿದೆ. ರೊಟ್ಟಿ ಬಡಿಯುತ್ತಿದ್ದ ಚಿಗವ್ವ ಕೈ ನಿಲ್ಲಿಸಿ ಕೇಳಿದಳು. "ಅಬಾಬಾ, ಭಾಳ ಕಡಕ್ ಅದಾರ ಬಿಡು ನಿಮ್ಮ ಸರ್! ಹಿಂಗ ಇರಬೇಕು ಮಾಸ್ತರು ಅಂದ್ರ." ಅವತ್ತಿನಿಂದ ಸರ್‌ ಕಾಯಿದೆಯೇ ನಮ್ಮ ಮನೆಯ ಕಾಯಿದೆಯೂ ಆಯಿತು. ಸೋಮವಾರ ಕೋಳಿ ಕೂಗುವ ಮೊದಲೇ ನನ್ನನ್ನು ಎಬ್ಬಿಸಿ ಬಸ್‌ಸ್ಟ್ಯಾಂಡಿಗೆ ದಬ್ಬುತ್ತಿದ್ದಳು. ಹರಟೆಗೆ ಬಂದ ಓಣಿಯ ಹೆಂಗಸರಿಗೆ, "ಮೆಲ್ಲಕ ಮಾತಾಡ್ರಿ, ಆಕಿ ಲೆಕ್ಕಾ ಮಾಡಾಕತ್ತಾಳ" ಎಂದು ಗದರುತ್ತಿದ್ದಳು.

ನಾನು ಓದುತ್ತಿದ್ದದ್ದು ಏನೆಂದು ಮಾತ್ರ ಅವಳಿಗೆ ಕೊನೆತನಕ ತಿಳಿಯಲಿಲ್ಲ.

"ಮಳಿ ಬರತೈತೋ ಇಲ್ಲೋ ಹೇಳತೀರೇನು ನೀವು?"

"ಬರಬಹುದು ಅಂತ ಹೇಳತೇವಿ."

"ಹೌದಾ! ಬರಬಹುದು ಅನ್ನಾಕ ಇಷ್ಟು ಓದಬೇಕಾ? ನಮ್ಮ ಎಮ್ಮಿನೂ ಹೇಳತೈತಿ."

ಎರಡನೆಯ ಸೆಮಿಸ್ಟರಿನಲ್ಲಿ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಬಾಗೇವಾಡಿಯ ದವಾಖಾನೆಗೆ ತೋರಿಸಿ ಬಂದರು. ಫೋನಿನಲ್ಲಿ ಕೇಳಿದರೆ ಒಂದೇ ಮಾತು: "ಆರಾಮ ಅದೇನಿ, ನೀ ಓದ್ಕೋ." ಮೊದಲ ಇಂಟರ್ನಲ್ ನಾನು ಜ್ವರ ಬಂದು ತಪ್ಪಿಸಿಕೊಂಡಿದ್ದೆ. ಡಾಕ್ಟರ ಚೀಟಿ ಹಿಡಿದು ಹೋದರೂ ಸರ್ ಮತ್ತೊಮ್ಮೆ ಬರೆಯಲು ಬಿಟ್ಟಿರಲಿಲ್ಲ. ಉಳಿದದ್ದು ಒಂದೇ. ಅದು ಚಿಗವ್ವನಿಗೆ ಗೊತ್ತಿತ್ತು, ಗೊತ್ತಾಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಎರಡನೆಯ ಇಂಟರ್ನಲ್ಲಿನ ದಿನ ನಸುಕಿನಲ್ಲಿ ಚಿಗವ್ವ ತೀರಿಕೊಂಡಳು. ಅಲ್ಲಿ ನಡೆದದ್ದನ್ನೆಲ್ಲ ನನಗೆ ಆಮೇಲೆ ಹೇಳಿದರು. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಭಜನೆಯವರು ಬಂದು ಕುಳಿತ ಮೇಲೆ ಎಲ್ಲರೂ ನನಗೆ ಫೋನ್ ಮಾಡಿ ಎಂದರಂತೆ. ಅವಳ ಗಂಡ, ನನ್ನ ಕಾಕಾ, ಬೇಡವೆಂದರು. "ಆಕೀನ ನನ್ನ ಕಡಿಂದ ಮಾತು ತಗೊಂಡಾಳ. 'ನನಗ ಏನರ ಆದ್ರ ಹುಡುಗಿ ಪರೀಕ್ಷಾ ಬರದ ಮ್ಯಾಲನ ಹೇಳ್ರಿ, ಚಿಗವ್ವಗೆಲ್ಲಾ ಅವರ ಸರ್ ಬಿಡಂಗಿಲ್ಲ' ಅಂದಾಳ." ಪರೀಕ್ಷೆ ಮುಗಿದ ಮೇಲೆ ಹೇಳೋಣ, ನಾನು ಬರುವ ತನಕ ಮಣ್ಣು ಮಾಡುವುದು ಬೇಡ ಎಂದು ತೀರ್ಮಾನವಾಯಿತು.

ಅದೇ ಹೊತ್ತಿಗೆ ನಾನು ಮೊಬೈಲನ್ನು ಹಾಸ್ಟೆಲಿನಲ್ಲಿ ಬಿಟ್ಟು ಕಾಲೇಜಿಗೆ ಹೋಗಿದ್ದೆ. ಕೋಣೆಗೆ ಬೀಗ. ಜವಾನ ಬೀಡಿ ಆರಿಸಿ ಎದ್ದು ಬಂದ. "ಟೆಸ್ಟ್ ಮುಂದ ಹೋಗೇತ್ರಿ. ಸರ್‌ದು ಅತ್ತಿ ತೀರಿಕೊಂಡಾರಂತ, ಮಣ್ಣಿಗೆ ಸಾಲೋಟಗಿಗೆ ಹೋಗ್ಯಾರ."

ನಾವು ಹುಡುಗಿಯರು ಹೋ ಎಂದು ಕೂಗಿದೆವು. ಸರ್‌ಗೆ ಅತ್ತೆ, ಅಂದರೆ ಅಪ್ಪನ ತಂಗಿ. ಅವರ ಕಾಯಿದೆಯಲ್ಲಿ ಅವಳಿಗೂ ಜಾಗವಿರಲಿಲ್ಲ. ಅವರು ಹೋದದ್ದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಮಣ್ಣು ಅಂದಮೇಲೆ ಹೋಗದೆ ಇರಲಾಗುತ್ತದೆಯೇ? ಆದರೆ ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅವತ್ತು ಉರಿಯಲಿಲ್ಲ. ಗೆಳತಿಯರ ಜೊತೆ ಹೋಗಿ ಗಿರ್ಮಿಟ್ಟು, ಮೆಣಸಿನಕಾಯಿ ಭಜಿ ತಿಂದು, ನಕ್ಕು ನಕ್ಕು ಸಾಕಾಗಿ ಮಧ್ಯಾಹ್ನ ಹಾಸ್ಟೆಲಿಗೆ ಬಂದೆ. ಫೋನ್ ಹೊಡೆದುಕೊಳ್ಳುತ್ತಿತ್ತು.

ಕಾಕಾ. "ಪರೀಕ್ಷಾ ಬರದೇನವಾ? ಚಿಗವ್ವಗ ಜರಾ ಆರಾಮಿಲ್ಲ, ಹೊಂಟು ಬಾ."

ಆ ದನಿ ಕೇಳಿದ ಕೂಡಲೇ ತಿಳಿಯಿತು. ಹಿಂದೆ ಭಜನೆಯ ತಾಳ ಬೇರೆ ಕೇಳುತ್ತಿತ್ತು.

ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಬೇಕು. ಬಸ್ಸೇ ಬರಲಿಲ್ಲ. ಬಿಸಿಲಲ್ಲಿ ನಿಂತು ಅಳುತ್ತಲೇ ಕಂಡವರನ್ನೆಲ್ಲ ಕೇಳಿದೆ, ಕಡೆಗೆ ಯಾರದೋ ಟಂಟಂ ಗಾಡಿ ಸಿಕ್ಕಿತು. ಅಷ್ಟರಲ್ಲಿ ಊರಲ್ಲಿ ಹಿರಿಯರು, ಬೇಸಿಗೆಯ ಹೆಣ, ಹೊತ್ತು ಮುಳುಗುವ ತನಕ ಇಡಬಾರದು ಎಂದು ಎತ್ತಿಸಿಬಿಟ್ಟಿದ್ದರು. ನಾನು ಓಣಿಗೆ ಬಂದಾಗ ಮಣ್ಣಿಗೆ ಹೋದವರು ಕಾಲು ತೊಳೆದುಕೊಳ್ಳುತ್ತಿದ್ದರು. ಒಬ್ಬ ಮುದುಕಿ ನನ್ನನ್ನು ಅಪ್ಪಿಕೊಂಡು, "ಇಷ್ಟೊತ್ತು ನಿನ್ನ ದಾರಿ ನೋಡಿದ್ವಿ ಯವ್ವಾ" ಎಂದು ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪರೀಕ್ಷಾ ಆತಿಲ್ಲೋ?" ಅಂದಳು. ನಾನು ಹೊಲದ ಕಡೆ ಓಡಿದೆ.

ಮುಚ್ಚಿದ ಹಸಿ ಮಣ್ಣಿನ ಪಕ್ಕ ಕಾಕಾ ಒಬ್ಬರೇ ಕುಕ್ಕರಗಾಲಲ್ಲಿ ಕುಳಿತಿದ್ದರು. ಮುಖ ಇಲ್ಲ, ಕುಣಿಯೂ ಇಲ್ಲ. ನಾನು ಮಣ್ಣಿನ ಮೇಲೆ ಬಿದ್ದು ಅತ್ತೆ. ಕಾಕಾ ತಡೆಯಲಿಲ್ಲ. ನಾನು ಸುಮ್ಮನಾದ ಮೇಲೆ, ಹೆದರಿದವರ ಹಾಗೆ ಕೇಳಿದರು: "ಪೇಪರ್ ಹ್ಯಾಂಗ್ ಆತವಾ?"

ಪರೀಕ್ಷೆ ನಡೆಯಲೇ ಇಲ್ಲ ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳಲಿ?

"ಚಲೋ ಆತ್ರಿ ಕಾಕಾ" ಎಂದೆ.

ಅವರು ಮಣ್ಣಿನ ಕಡೆ ಬಗ್ಗಿ, ಕಿವಿ ಮಂದವಾದವರಿಗೆ ಹೇಳುವಷ್ಟು ಜೋರಾಗಿ ಹೇಳಿದರು: "ಕೇಳಿದೇನಽ? ಪೇಪರ್ ಚಲೋ ಆಗೇತಂತ."