ಸತ್ತ ಓತಿಕ್ಯಾತದ ಬಣ್ಣ

ಭದ್ರಾವತಿಯ ನಮ್ಮ ಹಳೇ ಕ್ವಾರ್ಟರ್ಸಿನ ದಾಸವಾಳದ ಬೇಲಿಯಲ್ಲಿ ಒಂದು ಗಂಡು ಓತಿಕ್ಯಾತ ಇತ್ತು. ಅದರ ಬಾಲದ ತುದಿ ತುಂಡಾಗಿತ್ತು. ಬೆಳಿಗ್ಗೆ ಕಂದಾಗಿರುತ್ತಿತ್ತು, ಬಿಸಿಲೇರಿದರೆ ಹಳದಿಯಾಗುತ್ತಿತ್ತು, ಇನ್ನೊಂದು ಗಂಡು ಕಂಡರೆ ಸಾಕು, ತಲೆಯಿಂದ ಕತ್ತಿನವರೆಗೆ ಕೆಂಪು. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಅದರ ಹಿಂದೆ ಬಿದ್ದಳು. ಒಂಬತ್ತು ವರ್ಷದ ಹುಡುಗಿ. ದಿನಾ ಅದರ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

"ಅಜ್ಜಿ, ಇದು ಊಸರವಳ್ಳಿ ಅಲ್ಲ. ಅದೇ ಬೇರೆ, ಇದೇ ಬೇರೆ."

"ಯಾವುದಾದ್ರೇನು ಮಾರಾಯ್ತಿ, ಹೊಕ್ಕುಳ ಮುಚ್ಚಿಕೊಂಡು ನೋಡು."

ನಮ್ಮಲ್ಲಿ ಮಕ್ಕಳಿಗೆ ಹೇಳುವುದೇ ಹಾಗೆ. ಓತಿಕ್ಯಾತ ದೂರದಿಂದಲೇ ಹೊಕ್ಕುಳಿನಿಂದ ರಕ್ತ ಹೀರುತ್ತದೆ, ಅದಕ್ಕೇ ಅದರ ಕತ್ತು ಕೆಂಪಾಗುತ್ತದೆ ಎಂದು. ಅವಳು ನಗುತ್ತಾ ಅಂಗಿ ಎತ್ತಿ ಬೇಲಿಗೆ ಹೊಟ್ಟೆ ತೋರಿಸಿದಳು. "ಕುಡಿಯಪ್ಪಾ, ಕುಡಿ!"

ಆ ತಿಂಗಳೇ ಮಗು ಬಿಳಿಚಿಕೊಂಡಳು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೂ ಬಿಳಿ. ಪಕ್ಕದ ಮನೆಯ ತಮಿಳಮ್ಮ ಬೇಲಿಯ ಆಚೆ ನಿಂತು, "ಏನಮ್ಮಾ, ಪಾಪು ಹಿಂಗೆ ಬೆಳ್ಳಗಾಗೋಯ್ತಲ್ಲ! ದಿನಾ ಅದ್ರ ಮುಂದೆ ಕೂತ್ರೆ ಇನ್ನೇನಾಗುತ್ತೆ?" ಎಂದಳು. ಅವಳನ್ನು ದೂರುವುದಿಲ್ಲ. ನನ್ನ ಮನಸ್ಸಿನಲ್ಲೂ ಅದೇ ಇತ್ತು.

ಮಧ್ಯಾಹ್ನ ಮಗು ಮಲಗಿದ್ದಾಗ ಕೋಲು ತೆಗೆದುಕೊಂಡು ಹೋದೆ. ಒಂದೇ ಏಟು. ನಾನು ನೋಡುತ್ತಿದ್ದಂತೆಯೇ ಕತ್ತಿನ ಕೆಂಪು ಇಳಿದು ಬೂದಿ ಬಣ್ಣವಾಯಿತು. ಒಂದು ತೊಟ್ಟು ರಕ್ತ ಬರಲಿಲ್ಲ. ಮಗುವಿನಿಂದ ಹೀರಿದ್ದೆಲ್ಲ ಎಲ್ಲಿ ಹೋಯಿತು ಎಂದು ಯೋಚಿಸುವಷ್ಟು ಬುದ್ಧಿ ನನಗೆ ಇರಲಿಲ್ಲ. ಚರಂಡಿಗೆ ಎಸೆದು, ಅವಳ ಮುಖಕ್ಕೆ ಬಣ್ಣ ಬರಲಿ ಎಂದು ಒಂದು ವಾರ ಕಾದೆ. ಆ ವಾರ ಅವಳಿಗೆ ಬೇಲಿಯ ತನಕ ಹೋಗುವ ಶಕ್ತಿಯೂ ಇರಲಿಲ್ಲ. ಕೊನೆಗೆ ಬಚ್ಚಲಿನಲ್ಲಿ ಬಿದ್ದಳು.

ಮಗ ಶಿವಮೊಗ್ಗಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಅವನು, ಸೊಸೆ ಸೇರಿ ಅಲ್ಲಿಯ ಆಸ್ಪತ್ರೆಗೆ ಸೇರಿಸಿದರು. ಮೂಳೆಯ ಒಳಗೆ ರಕ್ತ ಹುಟ್ಟುತ್ತಿಲ್ಲ ಎಂದರು ಡಾಕ್ಟರು. ಯಾಕೆ ತಡ ಮಾಡಿದಿರಿ ಎಂದು ಕೇಳಿದರು. ಮಗ ನನ್ನನ್ನು ನೋಡಿದ. "ತಡ ಮಾಡಿದ್ದು ನಾನು" ಎಂದೆ.

ದಿನಾ ಅವನ ಬಸ್ಸಿನಲ್ಲೇ ಊಟದ ಕ್ಯಾರಿಯರ್ ಹಿಡಿದು ಹೋಗುತ್ತಿದ್ದೆ. ಮೊದಲ ದಿನ ಮುಚ್ಚಳ ತೆಗೆಯುವ ಮೊದಲೇ ಕೇಳಿದಳು.

"ಅಜ್ಜಿ, ಇವತ್ತು ಯಾವ ಬಣ್ಣ?"

"ಕಂದು" ಎಂದುಬಿಟ್ಟೆ.

ಮಾರನೇ ದಿನ ಹಳದಿ. ಅವಳು ಅನ್ನ ಮುಟ್ಟದಿದ್ದ ದಿನ ಕೆಂಪು. ಕೆಂಪು ಎಂದರೆ ನಾಲ್ಕು ತುತ್ತು ಹೆಚ್ಚು ತಿನ್ನುತ್ತಿದ್ದಳು. ಬಲಗೈಗೆ ಸೂಜಿ ಚುಚ್ಚಿದ್ದರಿಂದ ಎಡಗೈಯಲ್ಲಿ ಸೊಟ್ಟಗೆ ಬರೆದುಕೊಳ್ಳುತ್ತಿದ್ದಳು. ಅತ್ತೆ ಮಾವನ ಎದುರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೈಸಿಕೊಂಡವಳು ನಾನು. ಆ ಮಗುವಿಗೆ ಹನ್ನೊಂದು ದಿನ ಸುಳ್ಳು ಹೇಳಿದೆ.

ಮನೆಗೆ ಬಂದವಳೇ ನೋಟ್‌ಬುಕ್ ಹಿಡಿದು ಬೇಲಿಗೆ ಹೋದಳು. ಅಲ್ಲಿ ಒಂದು ಓತಿಕ್ಯಾತ ಕೂತಿತ್ತು, ಉದ್ದ ಬಾಲದ್ದು.

"ಇದಲ್ಲ ಅಜ್ಜಿ."

"ಅಲ್ಲ. ಅದನ್ನ ನಾನು ಹೊಡೆದು ಕೊಂದೆ."

"ಯಾವಾಗ?"

"ನೀನು ಆಸ್ಪತ್ರೆಗೆ ಹೋಗೋಕೆ ಮುಂಚೆ."

ಅತ್ತಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು, ಸ್ಕೇಲ್ ಇಟ್ಟು, ಹನ್ನೊಂದು ಸಾಲನ್ನೂ ಒಂದೊಂದಾಗಿ ಹೊಡೆದು ಹಾಕಿದಳು. ಆಮೇಲೆ ನೋಟ್‌ಬುಕ್ ಮುಟ್ಟಲಿಲ್ಲ. ಅದು ನನ್ನ ಟ್ರಂಕಿನಲ್ಲಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೂ ಗೀಟಿನ ಅಡಿಯ ಅಕ್ಷರ ಓದಲು ಬರುತ್ತದೆ.

ಈಗ ಮೂರು ವಾರಕ್ಕೊಮ್ಮೆ ಅವಳಿಗೆ ರಕ್ತ ಕೊಡಿಸಲು ಹೋಗುತ್ತೇವೆ. ಬಸ್ಸಿನಲ್ಲಿ ಅವಳು ಅಮ್ಮನ ಪಕ್ಕ ಕೂರುತ್ತಾಳೆ. ಕಳೆದ ಸಲ ನರ್ಸು ನರ ಹುಡುಕುತ್ತಿದ್ದಾಗ ನಾನು ಸುಮ್ಮನಿರಲಾರದೆ, "ಹೆದರ್ಬೇಡ ಪುಟ್ಟಿ, ಎಲ್ಲಾ ವಾಸಿಯಾಗುತ್ತೆ" ಎಂದೆ.

ಅವಳು ತಲೆ ಎತ್ತಿ ನೋಡಿದಳು. "ಅದು ಕೆಂಪಾಗಿದೆ ಅಂತಿದ್ಯಲ್ಲ, ಹಂಗೇನಾ ಅಜ್ಜಿ?"

ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿಲ್ಲ. ಆಗುವುದಿಲ್ಲ ಎಂದೂ ಹೇಳಿಲ್ಲ.

"ನಂಗೆ ಗೊತ್ತಿಲ್ಲ" ಎಂದೆ.

ಅವಳು ತಲೆಯಾಡಿಸಿ, ನರ್ಸಿನ ಕಡೆ ತಿರುಗಿ ಕೈ ಚಾಚಿದಳು.