ಸುಡೂದೋ, ಕಟ್ಟೂದೋ

ನನ್ನ ಅತ್ತೆ ರೊಟ್ಟಿ ಬಡಿಯಲು ಕೂತರೆ ಮೈಭಾರವೆಲ್ಲ ಎಡಮಗ್ಗುಲಿಗೆ ವಾಲಿರುತ್ತಿತ್ತು. ಜೋಳದ ಹಿಟ್ಟು ಮೆತ್ತಿದ ಅಗಲ ಕೈಗಳು ಚಟಚಟನೆ ಓಡುತ್ತಿದ್ದರೂ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು. ನಾಗನೂರಿನ ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ ಅದನ್ನು ಒಲೆಯ ಝಳವೆಂದುಕೊಂಡಿದ್ದೆ. ಒಂದು ದಿನ ಹಿತ್ತಲಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದರು. ಎಬ್ಬಿಸಹೋದರೆ ಸೀರೆಯೆಲ್ಲ ರಕ್ತ. ಮೂಲವ್ಯಾಧಿ.

"ಯಾರಿಗೂ ಹೇಳಬ್ಯಾಡ. ನಿಮ್ಮ ಮಾವಗೂ ಗೊತ್ತಿಲ್ಲ," ಎಂದರು.

ಓಣಿಯ ಆಚೆ ತುದಿಗೂ ಕೇಳುವಂತೆ ನಗುವ ಹೆಂಗಸು ಅವರು. ಸಂತೆಗೆ ಹೋಗಿ ಎತ್ತಿನ ಹಲ್ಲು ನೋಡಿ ತಾವೇ ವ್ಯಾಪಾರ ಮುಗಿಸುವವರು. ಇದೊಂದರಲ್ಲಿ ಮಾತ್ರ ಬಾಯಿ ಕಟ್ಟಿತ್ತು. ಗಂಡಸು ಡಾಕ್ಟರಿಗೆ ಹೇಗೆ ತೋರಿಸುವುದು?

ಗೋಕಾಕಕ್ಕೆ ಹೆಣ್ಣು ಡಾಕ್ಟರು, ಡಾಕ್ಟರ್‌ಬಾಯಿಯೊಬ್ಬರು ಬಂದಿದ್ದಾರೆಂದು ಕೇಳಿ ನಾನು ಹಟ ಹಿಡಿದೆ. ಚಕ್ಕಡಿಯಲ್ಲಿ ಮಗ್ಗುಲಾಗಿ ಮಲಗಿಸಿ ಕರೆದೊಯ್ದೆವು. ಪರೀಕ್ಷೆ ಮಾಡಿ ಡಾಕ್ಟರ್‌ಬಾಯಿ, "ಗಂಟು ದೊಡ್ಡವಾಗ್ಯಾವ ಅವ್ವಾ, ಆಪರೇಶನ್ ಆಗಬೇಕು," ಎಂದರು.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ಅದರಾಗ ಎಷ್ಟು ನಮೂನಿ ಅದಾವ್ರಿ ಬಾಯಾರ?" ಥೇಟ್ ಎತ್ತು ಕೊಳ್ಳುವ ದನಿ.

ಬಾಯಿ ನಕ್ಕುಬಿಟ್ಟರು. "ಸೂಜಿಲೇ ಔಷಧ ಹಾಕೂದು ಒಂದು. ಅದು ಸಣ್ಣ ಗಂಟಿಗೆ ಛಲೋ, ನಿಮಗ ಸಾಲೂದಿಲ್ಲ. ಇಕ್ಕಳದಾಗ ಹಿಡಿದು ಕೊಯ್ದು, ಕಾದ ಕಬ್ಬಿಣಲೇ ಸುಡೂದು ಇನ್ನೊಂದು. ಬುಡಕ್ಕ ದಾರ ಬಿಗಿದು ಕೊಯ್ಯೂದು ಮತ್ತೊಂದು."

"ಸಂಕೇಶ್ವರದ ವೈದ್ಯರು ಔಷಧದ ದಾರ ಕಟ್ತಾರಂತಲ್ರಿ, ಕತ್ತರೀನ ಬ್ಯಾಡಂತ?"

"ಖರೆ. ದಾರಾನ ನಿಧಾನಕ ಕೊಯ್ತೈತಿ. ಗುಣಾ ಆದವ್ರನ್ನ ನೋಡೇನಿ. ಆದ್ರ ಗಂಟು ಉದುರೂತನಕಾ ಬ್ಯಾನಿ ತಿನ್ನಬೇಕು. ಕೊಯ್ಯೂ ಮುಂದ ನಾನು ಕ್ಲೋರೋಫಾರ್ಮ್ ಕೊಟ್ಟು ಮಲಗಸ್ತೇನಿ."

"ಸುಟ್ಟರ?"

"ರಕ್ತ ಅಲ್ಲೇ ನಿಲ್ತೈತಿ. ಸುಟ್ಟ ಹಕ್ಕಳಿ ಕಳಚಿದಾಗ ಒಮ್ಮೊಮ್ಮೆ ಮತ್ತ ಬರತೈತಿ. ದಾರ ಬಿಗಿದ್ರ ನನಗ ಧೈರ್ಯ. ಆದ್ರ ಮೊದಲ ನಾಕು ದಿನ ನಿಮಗ ಬ್ಯಾನಿ ಜಾಸ್ತಿ."

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿ ನೋಡಿದರು. "ಕರುವಿನ ಹೊಕ್ಕಳಬಳ್ಳಿ ಕಟ್ಟಿ ಕೊಯ್ಯೂದು ನನಗೂ ಗೊತ್ತೈತಿ ಬಾಯಾರ. ಬಿಗಿದು ಕಟ್ರಿ. ನಿಮಗ ಧೈರ್ಯ ಇದ್ರ ನನಗೂ ಐತಿ."

ಆಪರೇಶನ್ ಸುಸೂತ್ರವಾಗಿ ಮುಗಿಯಿತು. ನಿಜವಾದ ಪರೀಕ್ಷೆ ಅವರು ಮೊದಲ ಸಲ ಪಾಯಖಾನೆಗೆ ಹೋದಾಗ. ಬಾಗಿಲ ಹಿಂದಿನಿಂದ ಡಾಕ್ಟರ್‌ಬಾಯಿಯನ್ನೂ ಅವರ ಕತ್ತರಿಯನ್ನೂ ಸೇರಿಸಿ ಬೈದ ಬೈಗುಳ ಇಡೀ ದವಾಖಾನೆಗೆ ಕೇಳಿಸಿತು. ಬಾಯಿ ಹೊರಗೇ ನಿಂತು, "ಬೈರಿ ಅವ್ವಾ, ಬೈರಿ, ಹಗುರಾಗತೈತಿ!" ಎಂದು ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೂ ನಗು ಕೇಳಿತು. ನನಗೆ ಹೋದ ಜೀವ ಬಂದಂತಾಯಿತು.

ಊರಿಗೆ ಬಂದ ಮೇಲೆ ಬಾವಿಕಟ್ಟೆಯಲ್ಲಿ, ಕಣದಲ್ಲಿ, ಎಲ್ಲ ಹೆಂಗಸರ ಮುಂದೆ ಅದೇ ಕತೆ. ಮಾವನವರು ನಾಚಿ, "ಊರಾಗ ಡಂಗುರಾ ಹೊಡ್ಯಾಕತ್ತೀಯೇನ?" ಎಂದರು.

"ಹೊಡೀತೇನಿ. ನನ್ನಂಗ ಎಷ್ಟ ಮಂದಿ ಬಾಯಿ ಮುಚಗೊಂಡು ಕುಂತಾರೋ!"

ಕುಂತಿದ್ದರು. ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದರು. ಅತ್ತೆ ಪ್ರತಿಯೊಬ್ಬರನ್ನೂ ತಾವೇ ಗೋಕಾಕಕ್ಕೆ ಕರೆದೊಯ್ದರು, ದಾರಿಯುದ್ದಕ್ಕೂ ನಗಿಸಿದರು. ನನ್ನ ಚೊಚ್ಚಲ ಹೆರಿಗೆಯ ನಂತರ ನನಗೂ ಅದೇ ಶುರುವಾದಾಗ, ನಾನು ಹೇಳುವ ಮೊದಲೇ ನನ್ನ ಮುಖ ನೋಡಿ ತಿಳಿದುಕೊಂಡರು. "ಇನ್ನೂ ಸಣ್ಣದಿರತೈತಿ, ಸೂಜಿ ಸಾಕು. ಮುಚ್ಚಿಟ್ಟು ಬೆಳಸಬ್ಯಾಡ." ಸೂಜಿಯೇ ಸಾಕಾಯಿತು. ಕತ್ತರಿ ಕಾಣದೆ ಉಳಿದದ್ದು ಅವರಿಂದ.

ಮೊಮ್ಮಕ್ಕಳನ್ನು ಆಡಿಸುತ್ತ ಬಹಳ ಕಾಲ ಬಾಳಿ, ಜ್ವರದಲ್ಲಿ ತೀರಿಕೊಂಡರು. ಮುಂದಿನ ಸುಗ್ಗಿಯಲ್ಲಿ ಮೂಡಲಗಿ ಕಡೆಯ ಹೆಂಗಸೊಬ್ಬಳು ಅಂಗಳದಲ್ಲಿ ನಿಂತು, ತಲೆಯೆತ್ತದೆ ಕೇಳಿದಳು: "ಗೋಕಾಕಕ್ಕ ಕರ್ಕೊಂಡು ಹೋಗೂ ಅವ್ವಾರ ಅದಾರೇನ್ರಿ?"

ನಾನು ಅತ್ತೆಯಂತೆ ಮಾತುಗಾತಿಯಲ್ಲ. ಆದರೂ ಅವಳ ಕೈಹಿಡಿದು ಒಳಗೆ ಕರೆದೆ.

"ಅವ್ರು ಹೋದ್ರವ್ವಾ. ಮುಂಜಾನೆ ನಾ ಬರ್ತೇನಿ ನಡಿ."