ಬೆನ್ನ ಹಿಂದಿನ ಬೆರಳುಗಳು

ವಾಲಿಬಾಲಿನಲ್ಲಿ ಚಪ್ಪಾಳೆಯೆಲ್ಲ ಸ್ಮ್ಯಾಷರಿಗೆ. ಅವನಿಗೆ ಬಾಲ್ ಎತ್ತಿಕೊಡುವ ಲಿಫ್ಟರ್ ಎಂಬೊಬ್ಬ ಇದ್ದಾನೆ ಎಂದು ನೋಡುವವರಿಗೆ ನೆನಪಾಗುವುದು ಅವನು ತಪ್ಪಿದಾಗ ಮಾತ್ರ. ನಮ್ಮವರು ಅಂಥ ಲಿಫ್ಟರ್. ಮದುವೆಯಾಗಿ ನಾನು ಸೌದಿಯ ಅಲ್ ಖೋಬರಿಗೆ ಬಂದ ಮೊದಲ ವಾರ, ಮಾಲ್ ತೋರಿಸುತ್ತೇನೆಂದು ಹೊರಡಿಸಿ, ಫರ್ನಿಚರ್ ಗೋದಾಮಿನ ಹಿಂದಿನ ಕೋರ್ಟಿನಲ್ಲಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ ಮಹಾನುಭಾವರು. ಮಾಲ್ ನೋಡಿದ್ದು ಮುಂದಿನ ತಿಂಗಳು.

ಕೋರ್ಟಿನ ಎರಡೂ ಬದಿ ಗಂಡಸರು ತುಂಬಿದ್ದರು. ಹಾಗಾಗಿ ನನ್ನ ಕುರ್ಚಿಯನ್ನು ನಮ್ಮ ತಂಡದ ಹಿಂದೆ, ಗೆರೆಯಿಂದ ಆಚೆಗೆ ಹಾಕಿದ್ದರು. ಬರುಬರುತ್ತ ಬೇರೆ ಹೆಂಗಸರೂ ಮಕ್ಕಳೂ ಬರತೊಡಗಿದರು, ಬದಿಯಲ್ಲಿ ಒಳ್ಳೆಯ ಬೆಂಚುಗಳೂ ಬಂದವು. ನಾನು ಮಾತ್ರ ಆ ಜಾಗ ಬಿಡಲಿಲ್ಲ. ಸೆಟ್ ಮುಗಿದು ತಂಡಗಳು ಕೋರ್ಟ್ ಬದಲಿಸಿದರೆ ನಾನೂ ಕುರ್ಚಿ ಹೊತ್ತುಕೊಂಡು ಆಚೆಗೆ ನಡೆಯುತ್ತಿದ್ದೆ. ಜನ ನಗುತ್ತಿದ್ದರು. ನಗಲಿ, ಅವರ ಗಂಟೇನು ಹೋಯಿತು?

ಅಲ್ಲಿಂದ ನನಗೆ ಕಾಣುತ್ತಿದ್ದದ್ದು ನಮ್ಮವರ ಬೆನ್ನು. ಲಿಫ್ಟರ್ ನೆಟ್ಟಿನ ಹತ್ತಿರ ನಿಂತು, ಎದುರಿನವರಿಗೆ ಕಾಣದ ಹಾಗೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟು ಬೆರಳಿನಲ್ಲೇ ತಂಡಕ್ಕೆ ಹೇಳುತ್ತಾನೆ, ಈ ಸಲ ಬಾಲ್ ಯಾರಿಗೆ, ಎಷ್ಟು ಎತ್ತರಕ್ಕೆ ಎಂದು. ಬೇರೆ ತಂಡಗಳದ್ದೆಲ್ಲ ಒಂದೇ ಲೆಕ್ಕ, ಒಂದು ಬೆರಳೆಂದರೆ ಗಿಡ್ಡ ಬಾಲ್, ಎರಡೆಂದರೆ ಉದ್ದ ಬಾಲ್. ನಮ್ಮದು ಉಲ್ಟಾ. ಯಾಕೆಂದರೆ ಇಲ್ಲಿ ಆಡುವ ತಂಡಗಳೆಲ್ಲ ನಮ್ಮ ಕರಾವಳಿಯವೇ, ಎಲ್ಲರೂ ಕಲಿತದ್ದು ಅದೇ ಶಾಲೆಯ ಮೈದಾನಗಳಲ್ಲಿ. ಎದುರು ತಂಡದ ಯಾವನಾದರೂ ನಮ್ಮ ಹಿಂದೆ ಬಂದು ನಿಂತು, ಬೆರಳು ನೋಡಿ, ತುಳುವಿನಲ್ಲಿ ಕೂಗಿ ಹೇಳಿಬಿಡುತ್ತಿದ್ದ. ಅದಕ್ಕೇ ನಮ್ಮವರು ಎಲ್ಲವನ್ನೂ ತಿರುಗಿಸಿ ಹಾಕಿದ್ದರು. ಕಿರುಬೆರಳು ಸ್ವಲ್ಪ ಬಾಗಿದರೆ ತೋರಿಸಿದ್ದೆಲ್ಲ ಸುಳ್ಳು. ಮುಷ್ಟಿ ಬಿಗಿದರೆ ಬಾಲ್ ನೆಟ್ಟಿನ ಮೇಲಿಂದ ಅವರೇ ತಳ್ಳುತ್ತಾರೆ. ಯಾರದ್ದಾದರೂ ಮನೆಯ ಊಟದಲ್ಲಿ ಗಂಡಸರ ಜೊತೆ ಮಾತಾಡುತ್ತ ನಿಂತಿದ್ದಾಗ ಬೆನ್ನ ಹಿಂದೆ ಮುಷ್ಟಿ ಬಿಗಿದರೆ ಅದು ನನಗೆ, ಇನ್ನು ಹೊರಡುವ ಎಂದು. ಬಾಲ್ ಏಳುವ ಮೊದಲೇ ಅದು ಎಲ್ಲಿಗೆ ಹೋಗುತ್ತದೆಂದು ತಂಡದ ಹೊರಗೆ ಗೊತ್ತಿದ್ದದ್ದು ನನಗೊಬ್ಬಳಿಗೇ. ಆ ಸುಖಕ್ಕಾಗಿಯೇ ನಾನು ಅಲ್ಲಿ ಕೂರುತ್ತಿದ್ದೆ.

ಎರಡು ವರ್ಷದ ಹಿಂದೆ, ಇಲ್ಲಿಂದ ಕಾರಿನಲ್ಲಿ ಗಂಟೆಯ ದಾರಿಯಾದ ಜುಬೈಲಿನ ತಂಡದಿಂದ ನಮ್ಮ ಮ್ಯಾನೇಜರಿಗೆ ಫೋನ್ ಬಂತು. ಮ್ಯಾನೇಜರ್ ಅಂದರೆ ದಮಾಮಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ, ತಂಡದಲ್ಲಿ ಎಲ್ಲರಿಗಿಂತ ಹಿರಿಯರು. ಜುಬೈಲಿನವರ ಹತ್ತಿರ ಒಬ್ಬ ಎಳೆಯ ಲಿಫ್ಟರ್ ಇದ್ದ, ಕಾಪು ಕಡೆಯವನು. ಅವನ ಕೈಯಿಂದ ಬಾಲ್ ಹೊರಡುವುದೇ ಕೇಳಿಸುವುದಿಲ್ಲ ಎಂದು ಹೆಸರು. ಅವನಿಗೆ ಈಗ ಕೆಲಸ ಖೋಬರಿನಲ್ಲಿ ಆಗಿತ್ತು, ನಮ್ಮ ತಂಡಕ್ಕೆ ಬರುವ ಆಸೆಯೂ ಇತ್ತು. ಆದರೆ ನಮ್ಮ ಟೂರ್ನಮೆಂಟುಗಳ ನಿಯಮದಲ್ಲಿ ಒಬ್ಬನನ್ನು ತೆಗೆದುಕೊಂಡರೆ ಒಬ್ಬನನ್ನು ಕೊಡಬೇಕು. ಜುಬೈಲಿನವರು ಕೇಳಿದ್ದು ನಮ್ಮ ಸ್ಮ್ಯಾಷರನ್ನು.

ಉಳ್ಳಾಲದ ಈ ಸ್ಮ್ಯಾಷರ್ ಹೊಸದಾಗಿ ಬಂದಾಗ ಬಾಲ್ ಹೊಡೆದರೆ ಗೋದಾಮಿನ ಛಾವಣಿಗೆ ಬೀಳುತ್ತಿತ್ತು. ಅವನಿಗೆ ಹಾರುವ ಹೊತ್ತನ್ನು ಕಲಿಸಿದವರು ನಮ್ಮವರು. ಇಕಾಮಾದ, ಅಂದರೆ ಇಲ್ಲಿರುವ ಪರವಾನಗಿಯ, ತಾಪತ್ರಯವಿದ್ದಾಗ ಅವನು ನಮ್ಮ ಮನೆಯ ಹಾಲಿನಲ್ಲೇ ಮಲಗುತ್ತಿದ್ದ.

ತಂಡದ ಪದ್ಧತಿಯೊಂದಿದೆ. ಯಾವ ದೊಡ್ಡ ಮಾತಿದ್ದರೂ ಶುಕ್ರವಾರ ನಮಾಜು ಮುಗಿದ ಮೇಲೆ ಕ್ಯಾಪ್ಟನ್ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ ಊಟ, ಊಟದ ಜೊತೆಗೇ ಮೀಟಿಂಗ್. ಬುದ್ಧಿ ಇದ್ದವರು ಈ ಒಂದು ಸಲವಾದರೂ ಬೇರೆ ಕಡೆ ಸೇರುತ್ತಿದ್ದರು. ತಂಡದವರು ಎಂದಿನಂತೆ ಬಂದು, ಚಪ್ಪಲಿ ಬಿಟ್ಟು, ನೆಲಕ್ಕೆ ಊಟದ ಸುಪ್ರಾ ಹಾಸಿ ಸುತ್ತ ಕುಳಿತರು. ಕ್ಯಾಪ್ಟನ್ನನ್ನು ಕೂರಿಸಿ ಬೇರೆಯವನನ್ನು ತರಬೇಕೋ ಬೇಡವೋ ಎಂಬ ಮಾತನ್ನು ಕ್ಯಾಪ್ಟನ್ನನ ಮನೆಯಲ್ಲಿ, ಅವರ ಹೆಂಡತಿ ಬಡಿಸಿದ ಕೋಳಿ ರೊಟ್ಟಿ ತಿನ್ನುತ್ತ ಆಡಬೇಕಾಗಿತ್ತು. ನಮ್ಮವರು ಎಲ್ಲರ ಗ್ಲಾಸಿಗೂ ನೀರು ಹಾಕುತ್ತಿದ್ದರು.

ಮ್ಯಾನೇಜರ್ ತಂಡದ ಭವಿಷ್ಯದ ಬಗ್ಗೆ ಮಾತಾಡಿದರು. ಒಬ್ಬ ಎಳೆಯ ಲಿಫ್ಟರ್ ಸಿಕ್ಕಿದರೆ ಹತ್ತು ವರ್ಷ ಚಿಂತೆಯಿಲ್ಲ, ಸ್ಮ್ಯಾಷರುಗಳನ್ನು ಹೇಗಾದರೂ ತಯಾರು ಮಾಡಬಹುದು ಎಂದರು. ಹಿಂದೆ ಆಡುವ ಇಬ್ಬರು ಒಪ್ಪಲಿಲ್ಲ. ಇದ್ದ ಒಬ್ಬ ಹೊಡೆಯುವವನನ್ನು ಕೊಟ್ಟು ಎತ್ತುವವನನ್ನು ತಂದರೆ ಎತ್ತಿದ ಬಾಲನ್ನು ಹೊಡೆಯಲು ಯಾರ ಮನೆಗೆ ಹೋಗುವುದು ಎಂದು ಕೇಳಿದರು. ಹುಡುಗ ಇನ್ನೂ ದೊಡ್ಡ ಮ್ಯಾಚಿನ ಒತ್ತಡ ಕಂಡವನಲ್ಲ ಎಂದರು ಇನ್ನೊಬ್ಬರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ಮೈ ಉರಿಯಿತು. ಸ್ಮ್ಯಾಷರನ್ನು ಕೊಡುವುದು ಬಿಡುವುದು ಎಂದು ಒಂದೇ ಸಮನೆ ಹೇಳುತ್ತಿದ್ದರೇ ಹೊರತು, ಒಬ್ಬ ಲಿಫ್ಟರ್ ಬಂದರೆ ಇರುವ ಲಿಫ್ಟರ್ ಏನಾಗಬೇಕು ಎಂದು ಒಬ್ಬನ ಬಾಯಿಂದಲೂ ಬರಲಿಲ್ಲ. ಅವರ ಭುಜ ಮೊದಲಿನಂತೆ ಏಳುವುದಿಲ್ಲ, ಮೂರನೆಯ ಸೆಟ್ಟಿಗೆ ಕೈ ನಡುಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಬೆನ್ನ ಹಿಂದೆ ಆ ನಡುಗುವ ಕೈಯನ್ನು ನಾನಲ್ಲದೆ ಇನ್ಯಾರು ನೋಡಿದ್ದು?

ಆದರೆ ಅವರಿಗೆ ಉಳಿದಿದ್ದದ್ದು ಅದೊಂದೇ. ಕಂಪನಿಯ ಸ್ಟೋರಿನಲ್ಲಿ ಯಾವ ಸಾಮಾನು ಎಲ್ಲಿದೆಯೆಂದು ಅವರು ಬಾಯಲ್ಲೇ ಹೇಳುತ್ತಿದ್ದದ್ದನ್ನೆಲ್ಲ ಈಗ ಕಂಪ್ಯೂಟರ್ ಹೇಳುತ್ತದೆ. ಮಗಳು ಇಂಗ್ಲಿಷಿನಲ್ಲಿ ಮಾತಾಡಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ವಾರದಲ್ಲಿ ಎರಡು ಸಂಜೆ, ಆ ಕೋರ್ಟಿನಲ್ಲಿ ಮಾತ್ರ, ಐದು ಜನ ಅವರ ಬೆರಳು ಏನು ಹೇಳುತ್ತದೆಂದು ಕಾಯುತ್ತಿದ್ದರು.

ನಾನು ಸಾರಿನ ಪಾತ್ರೆಯನ್ನು ಮ್ಯಾನೇಜರರ ಮುಂದೆ ಇಟ್ಟು ನೇರವಾಗಿ ಕೇಳಿದೆ.

"ಆ ಹುಡುಗ ಬಂದರೆ ಇವರು ಎಲ್ಲಿ ನಿಲ್ಲುವುದು? ಅದೊಂದು ಹೇಳಿ, ಮತ್ತೆ ಬೇಕಾದಷ್ಟು ಉಣ್ಣಿ."

ಸ್ಮ್ಯಾಷರ್ ಬಟ್ಟಲನ್ನೇ ನೋಡುತ್ತ, ಅಕ್ಕ ಹೇಳಿದ್ದು ಸರಿ, ಕ್ಯಾಪ್ಟನ್ ಇರುವಷ್ಟು ದಿನ ಬೇರೆಯವರು ಬೇಡ, ನಾನೂ ಎಲ್ಲಿಗೂ ಹೋಗುವುದಿಲ್ಲ ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಸದ್ಯ, ಉಳಿಯಿತು ಎಂದುಕೊಂಡೆ ನಾನು.

ಆಗ ನಮ್ಮವರು ನೀರಿನ ಬಾಟಲಿ ಕೆಳಗಿಟ್ಟರು.

"ನೀನು ಹೋಗುವುದು ಬೇಡ ಮಾರಾಯ. ಹುಡುಗನ ಕೈ ನಾನು ನೋಡಿದ್ದೇನೆ. ಅವನು ಎತ್ತಿ ನೀನು ಹೊಡೆದರೆ ನೋಡಲಿಕ್ಕೆ ಚಂದ ಉಂಟು. ಜುಬೈಲಿನವರಿಗೆ ಲಿಫ್ಟರ್ ಹೋದರೆ ಲಿಫ್ಟರೇ ಅಲ್ವಾ ಬೇಕಾದದ್ದು? ಅಲ್ಲಿ ಎಲ್ಲ ಹೊಸಬರು, ಕಲಿಸುವವರಿಲ್ಲ. ಕೇಳಿ ನೋಡಿ, ನಾನು ಹೋಗ್ತೇನೆ."

ಎಲ್ಲರೂ ಒಟ್ಟಿಗೆ ಬೇಡ ಬೇಡ ಎಂದರು. ಆದರೆ ಆ ಬೇಡದಲ್ಲಿ ಒಂದು ನಿರಾಳ ಇತ್ತು, ಅದು ನನ್ನ ಕಿವಿಗೆ ಬಿತ್ತು. ಬಂದವರೆಲ್ಲ ಹೋದ ಮೇಲೆ ನಾನು ನಮ್ಮವರೊಡನೆ ಜಗಳವಾಡಿದೆ. ನನ್ನನ್ನು ಒಂದು ಮಾತು ಕೇಳಬೇಕೆಂದು ಕಾಣಲಿಲ್ಲವಾ ಎಂದೆ, ಅಷ್ಟು ದೊಡ್ಡ ಮನುಷ್ಯ ಆಗುವ ಅಗತ್ಯ ಏನಿತ್ತು ಎಂದೆ. ಅವರು ಬಟ್ಟಲು ತೊಳೆಯುತ್ತ, ಕೂತು ನೋಡುವುದಕ್ಕಿಂತ ದೂರ ಹೋಗಿ ಆಡುವುದು ಸುಲಭ ಮಾರಾಯ್ತಿ ಎಂದರು. ನನಗೆ ಅಳು ಬಂತು. ಜುಬೈಲಿನವರು ಸಂತೋಷದಿಂದಲೇ ಒಪ್ಪಿದರು.

ಹುಡುಗ ಬಂದ ಮೊದಲ ಸಂಜೆ ನಗೆಪಾಟಲು. ಅವನು ಬೆನ್ನ ಹಿಂದೆ ಒಂದು ಬೆರಳು ತೋರಿಸಿ ಗಿಡ್ಡ ಬಾಲ್ ಎತ್ತಿದ. ಇಷ್ಟು ವರ್ಷದ ಅಭ್ಯಾಸದಲ್ಲಿ ನಮ್ಮ ಸ್ಮ್ಯಾಷರ್ ಉದ್ದ ಬಾಲಿಗೆ ಓಡಿ, ಹಾರಿ, ಬರಿಯ ಗಾಳಿಗೆ ಹೊಡೆದ. ಬಾಲ್ ಇಬ್ಬರ ನಡುವೆ ಬಂದು ಬಿತ್ತು. ಇನ್ನೊಮ್ಮೆಯೂ ಹಾಗೇ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮ್ಯಾನೇಜರ್ ಎಲ್ಲರೂ ಹುಡುಗನ ಲೆಕ್ಕ ಕಲಿಯಲಿ ಎಂದಾಗ, ಜುಬೈಲಿಗೆ ಹೋಗುವ ಮೊದಲು ತಾನೇ ಅವನಿಗೆ ಕಲಿಸುತ್ತೇನೆಂದು ನಮ್ಮವರು ಅವನನ್ನು ಮನೆಗೆ ಕರೆತಂದರು.

ಕಲಿಸಲು ಕುಳಿತಾಗ ಗೊತ್ತಾಯಿತು, ನಮ್ಮವರಿಗೆ ಹೇಳಲು ಬರುವುದಿಲ್ಲ. ಕೈ ತಾನಾಗಿ ಮಾಡಿಕೊಂಡು ಬಂದದ್ದು ಬಾಯಿಗೆ ಸಿಗಲೇ ಇಲ್ಲ. ಹುಡುಗ ಸಂಕೋಚದಿಂದ ಚಹಾ ಆರಿಸಿಕೊಂಡು ಕುಳಿತಿದ್ದ. ಅಷ್ಟು ಹೊತ್ತು ಮುಖ ಊದಿಸಿಕೊಂಡಿದ್ದ ನನಗೆ ತಡೆಯಲಾಗಲಿಲ್ಲ.

"ಹಾಗಲ್ಲ ಮಗ. ಕಿರುಬೆರಳು ಪೂರ್ತಿ ಮಡಚಬಾರದು, ಸ್ವಲ್ಪ ಮಾತ್ರ. ಹಿಂದಿನಿಂದ ನೋಡಿದವರಿಗೆ ಅದು ಬಾಗಿದ್ದು ಮಾತ್ರ ಕಾಣಬೇಕು."

ನಮ್ಮವರು ನನ್ನನ್ನೇ ನೋಡಿದರು. ಗಂಡನಿಗೆ ತನ್ನ ಬೆನ್ನು ಕಂಡಿಲ್ಲ, ನನಗೆ ಅದು ಬಿಟ್ಟು ಬೇರೇನೂ ಕಂಡಿಲ್ಲ. ಅಲ್ಲಿಂದ ಮುಂದೆ ಕಲಿಸಿದ್ದೆಲ್ಲ ನಾನೇ. ಹುಡುಗ ನೆಟ್ಟಿನ ಬದಲು ಫ್ರಿಜ್ಜಿನ ಮುಂದೆ ನಿಲ್ಲುತ್ತಿದ್ದ, ನಾನು ಹಿಂದೆ ಕುಳಿತು ಅವನ ಬೆರಳು ತಿದ್ದುತ್ತಿದ್ದೆ. ಅವನು ತಾಯಿಯನ್ನು ಊರಿನಲ್ಲಿ ಬಿಟ್ಟು ಬಂದವನು, ನನ್ನ ಬೈಗುಳಕ್ಕೆಲ್ಲ ನಗುತ್ತಿದ್ದ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಯಾವಾಗ ಹೋಯಿತೆಂದು ನನಗೇ ತಿಳಿಯಲಿಲ್ಲ.

ನಮ್ಮವರು ಜುಬೈಲಿಗೆ ಹೋಗುವ ಮೊದಲಿನ ಕೊನೆಯ ಅಭ್ಯಾಸಕ್ಕೆ ನಾನು ಎಂದಿನ ಜಾಗದಲ್ಲಿ ಕುಳಿತಿದ್ದೆ. ಅವರು ಇನ್ನೊಂದು ಕುರ್ಚಿ ತಂದು ನನ್ನ ಪಕ್ಕ ಹಾಕಿಕೊಂಡರು. ಇಷ್ಟು ವರ್ಷದಲ್ಲಿ ಗೆರೆಯ ಆಚೆ ಅವರು ಕುಳಿತದ್ದು ಅದೇ ಮೊದಲು. ಹುಡುಗ ನೆಟ್ಟಿನ ಬಳಿ ಹೋಗಿ ಎಡಗೈ ಬೆನ್ನ ಹಿಂದೆ ಇಟ್ಟ. ಎರಡು ಬೆರಳು, ಕಿರುಬೆರಳು ಸ್ವಲ್ಪ ಬಾಗಿತ್ತು. ಬಾಲ್ ಎಲ್ಲರೂ ಎಣಿಸಿದ ಕಡೆ ಬಿಟ್ಟು ಇನ್ನೊಂದು ಕಡೆಗೆ ಸದ್ದಿಲ್ಲದೆ ಎದ್ದಿತು, ನಮ್ಮ ಸ್ಮ್ಯಾಷರ್ ಅಲ್ಲಿಗೇ ಹಾರಿದ್ದ. ಎಲ್ಲರೂ ಚಪ್ಪಾಳೆ ಹೊಡೆದದ್ದು ಅವನಿಗೆ.

ನಮ್ಮವರು ಮಾತ್ರ ಹುಡುಗನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಿಂದಿನಿಂದ ಹೀಗೆ ಕಾಣ್ತಿತ್ತಾ ನನ್ನ ಕೈ?"

"ಹೌದು. ಮತ್ತೆ ಎಂತ ನೋಡಲಿಕ್ಕೆ ಬರ್ತಿದ್ದೆ ಅಂತ ಎಣಿಸಿದ್ದೀರಿ ನೀವು?"

ಅವರು ನನ್ನ ಕೈ ಹಿಡಿದುಕೊಂಡರು. ಅಷ್ಟು ಜನರ ಎದುರು ಕೈ ಹಿಡಿಯುವ ಮನುಷ್ಯ ಅವರಲ್ಲ. ಅಭ್ಯಾಸ ಮುಗಿಯುವವರೆಗೂ ಬಿಡಲಿಲ್ಲ.

ಮುಂದಿನ ವಾರ ಜುಬೈಲಿಗೆ ಮೊದಲ ಅಭ್ಯಾಸಕ್ಕೆ ಹೊರಟ ದಿನ ನಾನು ಬೀಗ ಹಾಕಿ ಕೆಳಗೆ ಬರುವಷ್ಟರಲ್ಲಿ ನಮ್ಮವರು ನನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟಾಗಿತ್ತು.